ನೇಕಾರನ ಬಗಲ ಚೀಲ

ಹುಚ್ಚಪ್ಪ ಅಂಜುಬುರುಕ ಎಂದು ಗಜೇಂದ್ರಗಡದ ನೇಕಾರ ಓಣಿಯಲ್ಲಿ ಯಾರೂ ಅಂದವರಲ್ಲ. ಅನ್ನುವ ಪ್ರಸಂಗವೇ ಬಂದಿರಲಿಲ್ಲ, ಅಷ್ಟೇ. ನಲವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟರೆ ಹೊತ್ತು ಮುಳುಗುವಾಗ ಏಳುವವನು. ಹೆಂಡತಿ ಕಳಕವ್ವ ನೂಲಿನ ಕಂಡಿಕೆ ಸುತ್ತಿ ಕೊಡುವುದು, ಇವನು ಸೀರೆ ನೇಯುವುದು. ಇಂಥವನಿಗೆ ಧೈರ್ಯವಾದರೂ ಯಾಕೆ, ಅಂಜಿಕೆಯಾದರೂ ಯಾಕೆ? ಎರಡೂ ಇಲ್ಲದೆ ಹಾಯಾಗಿದ್ದ.

ಆ ಹಾಯಿ ಐವತ್ನಾಲ್ಕನೆಯ ಇಸವಿಯ ಮಾಘದಲ್ಲಿ ಮುಶಿಗೇರಿಯ ಹಾದಿಯ ಮೇಲೆ ಮುಗಿಯಿತು. ಅಲ್ಲಿ ಒಂದು ಮದುವೆ ಮನೆಗೆ ಸೀರೆ ಮುಟ್ಟಿಸಿ ಸಂಜೆ ತಿರುಗಿ ಬರುತ್ತಿದ್ದ. ಜೋಳದ ಹೊಲದ ಬದುವಿನ ಮೇಲೆ ಮೈಲಾರಪ್ಪನೆಂಬ ರೈತ, ಪಕ್ಕದ ಹೊಲದ ಉಡಚಪ್ಪನ ಮೇಲೆ ಹಿಂದಿನಿಂದ ಕೊಡಲಿ ಎತ್ತಿದ್ದು ಕಂಡಿತು. ಬದು ಒತ್ತಿದ ಜಗಳ, ಹಳೆಯದು. ಸಪ್ಪಳ ಕೇಳಿ ಉಡಚಪ್ಪ ತಲೆಗೆ ಅಡ್ಡ ಹಿಡಿದ ಬಲಗೈ ಮಣಿಕಟ್ಟಿನ ಹತ್ತಿರ ಕಡಿದು ಹೋಯಿತು. ಅವನು ಬೋರಲು ಬಿದ್ದ, ಹೊಡೆದವನ ಮುಖ ನೋಡಲಿಲ್ಲ. ನೋಡಿದವನು ಹುಚ್ಚಪ್ಪ ಒಬ್ಬನೇ. ಮೈಲಾರಪ್ಪನೂ ಅವನನ್ನು ನೋಡಿ, ಕೊಡಲಿ ಹೆಗಲಿಗಿಟ್ಟುಕೊಂಡು ಜೋಳದೊಳಗೆ ಸರಿದು ಹೋದ.

ಹುಚ್ಚಪ್ಪ ಉಡಚಪ್ಪನನ್ನು ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ತಂದ, ಫೌಜದಾರರ ಮುಂದೆ ಕಂಡದ್ದನ್ನೆಲ್ಲ ಹೇಳಿ ಹೆಬ್ಬೆಟ್ಟು ಒತ್ತಿದ. ಮೈಲಾರಪ್ಪನನ್ನು ಹಿಡಿದರು, ಜಾಮೀನು ಕೊಡಲಿಲ್ಲ. ವೈಶಾಖದಲ್ಲಿ ರೋಣದ ಕೋರ್ಟಿನಲ್ಲಿ ಕೇಸು ನಡೆಯುವುದೆಂದೂ, ಹುಚ್ಚಪ್ಪನ ಮಾತೊಂದರ ಮೇಲೆಯೇ ಅದು ನಿಂತಿದೆಯೆಂದೂ ಫೌಜದಾರರು ಹೇಳಿ ಕಳಿಸಿದರು. ಹೇಳಿದ ದಿನ ಹುಚ್ಚಪ್ಪನಿಗೆ ಅದು ದೊಡ್ಡಸ್ತಿಕೆಯ ಮಾತಾಗಿ ಕೇಳಿಸಿತು. ವಾರ ಕಳೆಯುವುದರೊಳಗೆ ಅದರ ಇನ್ನೊಂದು ಅರ್ಥ ಹೊಳೆಯಿತು. ವೈಶಾಖದವರೆಗೆ ತಾನೊಬ್ಬ ಉಳಿಯದಿದ್ದರೆ ಕೇಸೂ ಉಳಿಯುವುದಿಲ್ಲ.

ಆ ಅರ್ಥ ಹೊಳೆಯುವಂತೆ ಮಾಡಿದವನು ಮೈಲಾರಪ್ಪನ ತಮ್ಮ ಮಾಳಪ್ಪ. ಒಂದು ಮಧ್ಯಾಹ್ನ ಹುಚ್ಚಪ್ಪ ಲಾಳಿ ಓಡಿಸುತ್ತಿದ್ದಾಗ ಹಾಸಿನ ಎಳೆಗಳ ಮೇಲೆ ನೆರಳು ಬಿತ್ತು. ಕುಣಿಯಲ್ಲಿ ಕಾಲಿಟ್ಟು ನೆಲಮಟ್ಟಕ್ಕೆ ಕುಳಿತ ನೇಕಾರನ ಕಣ್ಣಿಗೆ ಬಂದವರ ಮುಖಕ್ಕಿಂತ ಮೊದಲು ಮೊಳಕಾಲು ಕಾಣುತ್ತದೆ. ಮಣ್ಣು ಮೆತ್ತಿದ ಮೊಳಕಾಲು, ಮೇಲೆ ಕಟ್ಟಿದ ದೋತರ, ಅದರ ಮೇಲೆ ಅಣ್ಣನ ಮುಖವನ್ನೇ ಹೊತ್ತ ಮಾಳಪ್ಪ. ಹೊಸ್ತಿಲಲ್ಲಿ ನಿಂತ. ಒಂದು ಮಾತಿಲ್ಲ, ಕೆಮ್ಮಿಲ್ಲ. ಲಾಳಿ ನಿಂತರೆ ಏನಾಗುವುದೋ ಎಂದು ಹುಚ್ಚಪ್ಪ ನಿಲ್ಲಿಸದೆ ನೇಯ್ದ. ಎಳೆ ಕಡಿದರೂ ನೇಯ್ದ. ಮಾಳಪ್ಪ ಬಹಳ ಹೊತ್ತು ನಿಂತು, ಬಂದಂತೆಯೇ ಹೋದ.

ಅವನು ಓಣಿ ದಾಟಿದ ಮೇಲೆ ಹುಚ್ಚಪ್ಪ ಕುಣಿಯಿಂದ ಏಳಲು ನೋಡಿದ, ಆಗಲಿಲ್ಲ. ಹಾಗೆ ಕೂತಾಗಲೇ ಒಂದು ಲೆಕ್ಕ ತಲೆಗೆ ಬಂತು. ಮಗ್ಗದಿಂದ ಏಳಬೇಕಾದರೆ ಹಣಿಗೆಯ ಹಲಗೆಯನ್ನು ಮುಂದೆ ನೂಕಬೇಕು, ಎರಡೂ ಕಾಲು ಮೇಲೆಳೆದುಕೊಳ್ಳಬೇಕು, ಅಂಚಿಗೆ ಕೈಯೂರಿ ಮೈ ಎತ್ತಬೇಕು. ಅಷ್ಟರೊಳಗೆ ಒಂದು ಕೊಡಲಿಯನ್ನು ಎರಡು ಸಲ ಎತ್ತಿ ಇಳಿಸಬಹುದು. ಇಪ್ಪತ್ತೈದು ವರ್ಷ ಆ ಕುಣಿಯಲ್ಲಿ ಕುಳಿತವನಿಗೆ ತಾನು ಅರ್ಧ ಹೂಳಿದ ಮನುಷ್ಯ ಎಂದು ಆವತ್ತು ಮೊದಲ ಸಲ ಅನ್ನಿಸಿತು.

ಫೌಜದಾರರಿಗೆ ಹೋಗಿ ಹೇಳಿದ. ಬಾಗಿಲಲ್ಲಿ ನಿಲ್ಲುವುದು ಯಾವ ಕಾಯ್ದೆಯಲ್ಲೂ ಗುನ್ನೆಯಲ್ಲ ಎಂದು ಅವರು ಚಹಾ ಕುಡಿಯುತ್ತ ಹೇಳಿದರು. ಹದಿನೈದು ದಿನಕ್ಕೆ ಮಾಳಪ್ಪ ಮತ್ತೆ ಬಂದ. ಅದೇ ಹೊಸ್ತಿಲು, ಅದೇ ಮೌನ. ಆ ದಿನ ನೇಯ್ದ ಬಟ್ಟೆಯನ್ನು ಕಳಕವ್ವ ಬೆಳಕಿಗೆ ಹಿಡಿದು ನೋಡಿದಾಗ ಒಂದು ಗೇಣು ಉದ್ದಕ್ಕೆ ಹೊಕ್ಕಿನ ಎಳೆಗಳು ಒಂದರ ಮೇಲೊಂದು ಬಿದ್ದು ಗಡುಸಾಗಿದ್ದವು. ಅವಳು ಬಟ್ಟೆ ಮಡಚಿಟ್ಟಳು.

ಆಗ ಹುಚ್ಚಪ್ಪ ಜೋಳದ ಗಡಿಗೆಯೊಳಗಿಂದ ಪಿಸ್ತೂಲು ತೆಗೆದ. ನೇಕಾರನ ಮನೆಯಲ್ಲಿ ಪಿಸ್ತೂಲು ಎಲ್ಲಿಂದ ಬಂತು ಎನ್ನಬೇಡಿ. ಆರು ವರ್ಷದ ಹಿಂದೆ ನಿಜಾಮನ ಗಡಿಯಲ್ಲಿ ರಜಾಕಾರರ ಗದ್ದಲವೆದ್ದಾಗ ಈ ಭಾಗದ ಎಷ್ಟೋ ಮಂದಿ ಹೋರಾಟಗಾರರ ಶಿಬಿರಗಳಲ್ಲಿದ್ದರು. ಹುಚ್ಚಪ್ಪನೂ ಇದ್ದ, ರೊಟ್ಟಿ ಹೊರುವ ಕೆಲಸಕ್ಕೆ. ಗದ್ದಲ ಮುಗಿದ ಮೇಲೆ ಅವನ ಪಾಲಿಗೆ ಬಂದದ್ದು ಇದೊಂದು ಗಿಡ್ಡ ಪಿಸ್ತೂಲು. ಸರಕಾರಕ್ಕೆ ಅರ್ಜಿ ಹಾಕಿ ಲೈಸೆನ್ಸನ್ನೂ ಮಾಡಿಸಿಕೊಂಡಿದ್ದ. ಒಮ್ಮೆ ಬೇವಿನ ಮರಕ್ಕೆ ಗುರಿಯಿಟ್ಟು ಹೊಡೆದು ಪಕ್ಕದ ಗೋಡೆಗೆ ತೂತು ಮಾಡಿದ್ದು ಬಿಟ್ಟರೆ ಅದರಿಂದ ಬೇರೆ ಪರಾಕ್ರಮ ನಡೆದಿರಲಿಲ್ಲ.

ಪಿಸ್ತೂಲೇನೋ ಸಿಕ್ಕಿತು, ಇಟ್ಟುಕೊಳ್ಳುವುದೆಲ್ಲಿ? ಟೊಂಕದಲ್ಲಿ ಸಿಗಿಸಿಕೊಂಡು ಮಗ್ಗಕ್ಕೆ ಕುಳಿತ. ನೇಯ್ದ ಬಟ್ಟೆ ಸುತ್ತುವ ದಿಂಡು ಹೊಟ್ಟೆಗೆ ತಗಲುವಂತಿರುತ್ತದೆ. ಬಗ್ಗಿದಾಗ ಪಿಸ್ತೂಲು ದಿಂಡಿಗೂ ಹೊಟ್ಟೆಗೂ ನಡುವೆ ಸಿಕ್ಕಿ ಅವನ ಜೀವವೇ ಹಾರಿತು. ಬೆನ್ನಿಗೆ ಸಿಗಿಸಿದರೆ ಎರಡು ಮೊಳ ನೇಯುವುದರೊಳಗೆ ಜಾರಿ ಕುಣಿಗೆ ಬಿತ್ತು. ಕಳಕವ್ವ ಬಾಗಿಲು ಮುಂದೆ ಮಾಡಿ, ಇದನ್ನು ಬಿಟ್ಟು ಊರವರಿಗೆ ಹೇಳಿ ನಾಲ್ಕು ಮಂದಿಯನ್ನು ಮನೆಯಲ್ಲಿ ಕೂರಿಸಿಕೊಳ್ಳೋಣ ಎಂದಳು. ಅಂಜಿದ್ದೇನೆ ಎಂದು ಓಣಿಯವರಿಗೆ ಹೇಳುವುದು ಹುಚ್ಚಪ್ಪನಿಗೆ ಕೊಡಲಿಗಿಂತ ಕಷ್ಟವಾಗಿ ಕಂಡಿತು. ಗಂಡಸರ ಬುದ್ಧಿ ಇಂಥ ಹೊತ್ತಿನಲ್ಲಿ ಹೀಗೇ ಓಡುತ್ತದೆ.

ಟಾಂಗಾ ಕುದುರೆಗಳ ಸಾಮಾನು ಹೊಲಿಯುವ ಬಾಷಾಸಾಬ ಬಸ್ಸು ನಿಲ್ಲುವ ಕಡೆ ಅಂಗಡಿ ಇಟ್ಟಿದ್ದ. ಅರವತ್ತರ ಮುದುಕ, ತೊಗಲು ಹಿಡಿದ ಕೈ ಬಹಳ ನಿಧಾನ, ಬಾಯಿ ಅದಕ್ಕಿಂತ ನಿಧಾನ. ಹುಚ್ಚಪ್ಪ ಅವನನ್ನು ಅಂಗಡಿಯ ಹಿಂದಿನ ಕೋಣೆಗೆ ಕರೆದೊಯ್ದು ವಿಷಯ ಹೇಳಿದ. ಬಾಷಾಸಾಬ ಮೊದಲು ಫೌಜದಾರರು ನಡುವಿನ ಪಟ್ಟಿಗೆ ತೂಗುಹಾಕುವಂಥ ಗಟ್ಟಿ ತೊಗಲಿನ ಒರೆಯನ್ನು ತೋರಿಸಿದ. ಎಮ್ಮೆ ತೊಗಲು, ಹಿತ್ತಾಳೆ ಗುಂಡಿ, ನೋಡಿದವರು ದಾರಿ ಬಿಡಬೇಕು, ಅಂಥದ್ದು. ಹುಚ್ಚಪ್ಪ ತಲೆಯಾಡಿಸಿದ. ತನಗೆ ಬೇಕಾದದ್ದು ಯಾರ ಕಣ್ಣಿಗೂ ಬೀಳದ್ದು. ಕೋಟು ಹಾಕುವ ಸಾಹೇಬ ತಾನಲ್ಲ, ದೋತರ ಮತ್ತು ಬನಿಯನ್ನಿನಲ್ಲಿ ಕೂತು ಕೈಕಾಲು ಎರಡೂ ಆಡಿಸುವ ನೇಕಾರ. ಮಗ್ಗದ ಮೇಲೂ ಇರಬೇಕು, ನೂಲು ತರಲು ಪೇಟೆಗೆ ಹೋದಾಗಲೂ ಇರಬೇಕು, ಬೆಳಿಗ್ಗೆ ತಂಬಿಗೆ ಹಿಡಿದು ಬಯಲಿಗೆ ಹೋದಾಗಲೂ ಇರಬೇಕು.

ಬಾಷಾಸಾಬ ಅವನನ್ನು ಕೋಣೆಯೊಳಗಿನ ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಕೂರಿಸಿ, ಮಗ್ಗವಿದೆಯೆಂದು ತಿಳಿದು ನೇಯಿ ಎಂದ. ಹುಚ್ಚಪ್ಪನಿಗೆ ನಾಚಿಕೆಯಾಯಿತು.

“ನಾಚಬ್ಯಾಡಪಾ,” ಅಂದ ಬಾಷಾಸಾಬ. “ನಿಂತ ಕುದುರಿ ಅಳತಿ ತಗೊಂಡ್ರ ಓಡೂ ಮುಂದ ಪಟ್ಟಿ ಮೈ ಕೆತ್ತತೈತಿ. ನಂಗ ನೀ ಕೆಲಸ ಮಾಡೂದ ಕಾಣಬೇಕು.”

ಹುಚ್ಚಪ್ಪ ಲಾಳಿ ಓಡಿಸುವ ಇಲ್ಲದ ಹಗ್ಗವನ್ನು ಬಲಗೈಯಿಂದ ಜಗ್ಗಿದ, ಇಲ್ಲದ ಹಲಗೆಯನ್ನು ಎಡಗೈಯಿಂದ ಆಡಿಸಿದ, ಇಲ್ಲದ ಕಾಲುಮಣೆ ತುಳಿದ. ಮುದುಕ ಅವನ ಸುತ್ತ ದಾರ ಹಿಡಿದು ಸುತ್ತಿದ. ಕಾಲಿಗೆ ಕಟ್ಟಿದರೆ ತುಳಿಯುವಾಗ ಕಾಣುತ್ತದೆ, ತೆಗೆಯಲು ಕುಣಿಯೊಳಗೆ ಬಗ್ಗಬೇಕು, ಬೇಡ. ಬಲಮಗ್ಗುಲಲ್ಲಿ ಹಗ್ಗ ಜಗ್ಗುವ ಕೈ ಅಡ್ಡ ಬರುತ್ತದೆ, ಬೇಡ. ಎಡಗೈ ಮಾತ್ರ ಮೈಗೆ ಹತ್ತಿಕೊಂಡೇ ಹಿಂದೆ ಮುಂದೆ ಆಡುತ್ತದೆ, ಮೇಲೆ ಏಳುವುದಿಲ್ಲ. ಹಾಗಾದರೆ ಎಡ ಬಗಲು. ಎಮ್ಮೆ ತೊಗಲು ಕಟಕಟ ಎನ್ನುತ್ತದೆ, ಮೇಕೆಯದು ಬೇಕು. ಮೇಕೆಯದು ಮೆತ್ತಗೆ, ಅಂಗಿಯ ಮೇಲೆ ಪಿಸ್ತೂಲಿನ ಆಕಾರ ಮೂಡುತ್ತದೆ, ಆದ್ದರಿಂದ ಹೊರಮಗ್ಗುಲಿಗೆ ಒಂದು ಚಪ್ಪಟೆ ಗಟ್ಟಿ ತುಂಡು. ಮೇಲಿನ ಪಟ್ಟಿ ಬಲಹೆಗಲ ಮೇಲೆ ಹಾಯಬೇಕು, ಕೆಳಗಿನದು ಎಲ್ಲಿಗೆ? ಮುದುಕ ಬೆರಳಿನಿಂದ ಹುಚ್ಚಪ್ಪನ ಉಡದಾರ ಎತ್ತಿ ನೋಡಿ, ಇದಕ್ಕೇ ಗಂಟು ಹಾಕೋಣ ಎಂದ. ಬಾಯಿಗೆ ಗುಂಡಿ ಹಾಕಿದರೆ ತೆಗೆಯುವಾಗ ತಡ, ಹಾಕದಿದ್ದರೆ ಬಗ್ಗಿದಾಗ ಬೀಳುತ್ತದೆ. ಕೊನೆಗೆ ಹೆಬ್ಬೆರಳು ತಾಗಿದರೆ ಬಿಡುವಂತೆ ಒಂದು ತೊಗಲಿನ ಕುಣಿಕೆ.

ಎಲ್ಲ ಮುಗಿದ ಮೇಲೆ ಬಾಷಾಸಾಬ ಯಾರ ಅಂಜಿಕೆ ಎಂದು ಕೇಳಿದ. ಹುಚ್ಚಪ್ಪ ಹೇಳಿದ. ಆ ಮನುಷ್ಯ ಏನೆಂದ ಎಂದು ಮುದುಕ ಕೇಳಿದ. ಏನೂ ಅನ್ನಲಿಲ್ಲ, ಅದೇ ಅಂಜಿಕೆ ಎಂದ ಹುಚ್ಚಪ್ಪ. ಬಾಷಾಸಾಬ ದಾರಕ್ಕೆ ಮೇಣ ತಿಕ್ಕತೊಡಗಿದ.

ಚೀಲ ಮೈಗೆ ಹೊಂದಿತು. ಅದರ ಮೇಲೆ ಕಳಕವ್ವ ಸಡಿಲವಾದ ಅಂಗಿ ಹೊಲಿದು, ಎಡಮಗ್ಗುಲಿಗೆ ಕಿಸೆಯಂತೆ ಕಾಣುವ ಸೀಳು ಬಿಟ್ಟುಕೊಟ್ಟಳು. ಹೊಲಿಯುವಾಗ ಅವಳ ಕಣ್ಣಲ್ಲಿ ನೀರಿತ್ತು. ಹುಚ್ಚಪ್ಪ ಬಾಗಿಲು ಹಾಕಿಕೊಂಡು ದಿನಕ್ಕೆ ಇಪ್ಪತ್ತು ಸಲ ತೆಗೆದು ಇಟ್ಟು ರೂಢಿ ಮಾಡಿದ. ಚೈತ್ರದ ಬಿಸಿಲಿಗೆ ಓಣಿಯ ಗಂಡಸರೆಲ್ಲ ಬರಿಮೈಯಲ್ಲಿ ನೇಯುವಾಗ ಇವನೊಬ್ಬ ತುಂಬುದೋಳಿನ ಅಂಗಿಯಲ್ಲಿ ಬೆವರು ಸುರಿಸುತ್ತ ಕೂತ. ಚಳಿಜ್ವರವೇ ಎಂದು ಕೇಳಿದವರಿಗೆ ಹೌದೆಂದ. ಸುಳ್ಳೇನೂ ಆಗಿರಲಿಲ್ಲ, ಮೈ ನಡುಗುವುದು ನಿಂತಿರಲಿಲ್ಲ. ಚೀಲ ಬಂದರೆ ಅಂಜಿಕೆ ಹೋಗುತ್ತದೆಂದು ತಿಳಿದಿದ್ದ, ಆದರೆ ಈಗ ಅಂಜಿಕೆಗೆ ತೂಕವೂ ಬಂದಿತ್ತು. ಉಸಿರೆಳೆದರೆ ಬಗಲಲ್ಲಿ ಒತ್ತುತ್ತಿತ್ತು, ಉಣ್ಣುವಾಗಲೂ ಒತ್ತುತ್ತಿತ್ತು.

ಮಾಳಪ್ಪ ಮೂರನೆಯ ಸಲ ಬಂದಾಗ ಕಳಕವ್ವ ನೀರಿಗೆ ಹೋಗಿದ್ದಳು. ನೆರಳು ಬಿತ್ತು, ಮೊಳಕಾಲು ಕಂಡಿತು. ಹುಚ್ಚಪ್ಪ ನೇಯುತ್ತಲೇ ಇದ್ದ. ಈ ಸಲ ಮಾಳಪ್ಪ ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗೆ ಇಟ್ಟ, ಕೈ ಎತ್ತಿ ಹೆಗಲ ಮೇಲಿನ ವಸ್ತ್ರಕ್ಕೆ ಹಾಕಿದ. ಅದರೊಳಗೆ ಏನಿದೆಯೋ! ಹುಚ್ಚಪ್ಪನ ಬಲಗೈ ಹಗ್ಗ ಬಿಟ್ಟಿತು, ಸೀಳಿನೊಳಗೆ ಹೋಯಿತು, ಹೆಬ್ಬೆರಳಿಗೆ ಕುಣಿಕೆ ಬಿಟ್ಟಿತು. ಬಾಷಾಸಾಬನ ಚೀಲ ಎಳ್ಳಷ್ಟೂ ತಪ್ಪು ಮಾಡಲಿಲ್ಲ. ಪಿಸ್ತೂಲು ಮಾಳಪ್ಪನ ಎದೆಗೆ ನೇರವಾಗಿ ನಿಂತಿತು.

ಮಾಳಪ್ಪ ವಸ್ತ್ರವನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದಿದ್ದ, ದೊಡ್ಡವರ ಮುಂದೆ ಹಿಡಿಯುವಂತೆ. ಅವನ ಮುಖ ಬಿಳಿಚಿ ಹೋಯಿತು.

“ಲಾಳಿ ನಿಲ್ಲಲಿ ಅಂತ ನಿಂತಿದ್ದೆರಿ,” ಅಂದ. “ನೇಯೂ ಮುಂದ ಮಾತಾಡಿಸಬಾರದಂತ ನಮ್ಮವ್ವ ಹೇಳ್ಯಾಳ. ಮೂರ ಸಲ ಬಂದೆ, ನಿಮ್ಮ ಲಾಳಿ ಒಮ್ಮಿನೂ ನಿಲ್ಲಲಿಲ್ಲ.”

ಇಷ್ಟು ಹೇಳಿ ಹಿಂದೆ ಹಿಂದೆ ಸರಿಯುತ್ತ ಹೋದ. ಓಣಿಗೆ ಇಳಿದ ಮೇಲೆ ಓಡಿದ ಸಪ್ಪಳ ಕೇಳಿಸಿತು.

ನೇಕಾರ ಓಣಿಯ ರೀತಿ ಅದೇ. ಎಳೆ ಎಣಿಕೆ ತಪ್ಪೀತೆಂದು, ಕೈ ಬೆದರೀತೆಂದು, ಮಗ್ಗದ ಮನೆಗೆ ಬಂದವರು ಲಾಳಿ ನಿಲ್ಲುವವರೆಗೆ ಬಾಯಿ ಬಿಡುವುದಿಲ್ಲ. ಸೀರೆ ಹೇಳಲು ಬರುವ ಹಳ್ಳಿಯ ಹೆಂಗಸರೂ ಹಾಗೇ ಹೊಸ್ತಿಲಲ್ಲಿ ನಿಂತಿರುತ್ತಾರೆ. ನೇಕಾರನೂ ಎರಡು ಎಳೆ ಹಾಕಿ, ಕೈ ನಿಲ್ಲಿಸಿ, ಏನು ಬಂದಿರಿ ಎಂದು ಕೇಳುತ್ತಾನೆ. ಹುಟ್ಟಿದಾಗಿನಿಂದ ಇದನ್ನು ನೋಡಿದ ಹುಚ್ಚಪ್ಪ, ಅಂಜಿಕೆಯ ಕೈಗೆ ಸಿಕ್ಕು ಇದೊಂದನ್ನೇ ಮರೆತಿದ್ದ. ತನಗಾಗಿ ನಿಂತ ಮರ್ಯಾದೆಯನ್ನು, ತನ್ನನ್ನು ಕೊಲ್ಲಲು ನಿಂತ ಹೊಂಚು ಎಂದು ತಿಳಿದಿದ್ದ.

ಕಳಕವ್ವ ಕೇಳಿ, ಇವತ್ತೇ ಮುಶಿಗೇರಿಗೆ ಹೋಗಿ ಕೈಮುಗಿದು ಬಾ ಎಂದಳು. ಹೋಗಬೇಕೆಂದು ಚಪ್ಪಲಿ ಮೆಟ್ಟಿದ. ಊರ ಹೊರಗಿನ ಬಾವಿಯವರೆಗೆ ಹೋದಾಗ, ಅದೆಲ್ಲ ನಾಟಕವೂ ಆಗಿರಬಹುದಲ್ಲ ಎಂಬ ಯೋಚನೆ ಬಂತು. ಎಡಗೈ ಬಗಲಿಗೆ ಒತ್ತಿಕೊಂಡು ಹಿಂದಿರುಗಿದ. ಮಾಳಪ್ಪ ಮತ್ತೆ ಬರಲಿಲ್ಲ. ಯಾಕೆ ಬಂದಿದ್ದನೆಂದು ತಿಳಿಯಲೂ ಇಲ್ಲ.

ವೈಶಾಖ ಬಂತು. ರೋಣದ ಕೋರ್ಟಿಗೆ ಹುಚ್ಚಪ್ಪ ಒಗೆದ ಅಂಗಿಯ ಮೇಲೆ ಹಳೆಯ ಕೋಟು ಹಾಕಿಕೊಂಡು ಹೋದ, ಚೀಲ ಒಳಗೇ ಇತ್ತು. ಪಿಸ್ತೂಲನ್ನು ಬಾಗಿಲಲ್ಲಿ ಕೊಟ್ಟು ಹೋಗಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಮೋಟುಗೈಯನ್ನು ತೊಡೆಯ ಮೇಲಿಟ್ಟುಕೊಂಡು ಉಡಚಪ್ಪ ಮುಂದಿನ ಬಾಕಿನಲ್ಲಿ ಕೂತಿದ್ದ. ಕಟಕಟೆಯಲ್ಲಿ ಮೈಲಾರಪ್ಪ. ಹುಚ್ಚಪ್ಪ ಪ್ರಮಾಣ ಮಾಡಿ ಕಂಡದ್ದನ್ನು ಕಂಡ ಹಾಗೆ ಹೇಳಿದ. ಬದು, ಜೋಳ, ಕೊಡಲಿ, ಮುಖ. ಒಂದು ಮಾತೂ ತಪ್ಪಲಿಲ್ಲ. ಉಡಚಪ್ಪ ಕಣ್ಣೊರೆಸಿಕೊಂಡ.

ಆಮೇಲೆ ಮೈಲಾರಪ್ಪನ ವಕೀಲರು ಎದ್ದರು. ಕೇಸಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆರೋಪಿಯ ತಮ್ಮನ ಎದೆಗೆ ನೀನು ಪಿಸ್ತೂಲು ಹಿಡಿದದ್ದು ನಿಜವೋ ಸುಳ್ಳೋ ಎಂದರು. ಹೌದೆಂದರೆ ಈಗ ಅದು ಎಲ್ಲಿದೆ ಎಂದು ಕೇಳುತ್ತಾರೆ. ಬಗಲಲ್ಲಿ, ಕೋರ್ಟಿನೊಳಗೆ. ಜೇಲು ಕಣ್ಣ ಮುಂದೆ ಬಂತು. ಇಲ್ಲ ಎಂದ. ಪಿಸ್ತೂಲನ್ನು ಹಿಡಿದೇ ಇಲ್ಲ ಎಂದ.

ಮಾಳಪ್ಪನನ್ನು ಕರೆಸಿದರು. ಅವನು ಅಂದು ಓಡಿಹೋಗಿ ತಾಯಿಯೊಬ್ಬಳ ಮುಂದೆ ಆದದ್ದನ್ನು ಹೇಳಿದ್ದ. ತಾಯಿ ಸಕ್ಕೂಬಾಯಿ, ಹಿರಿಮಗ ಉಳಿದಾನೆಂದು ವಕೀಲರ ಕಿವಿಗೆ ಹಾಕಿದ್ದಳು. ಮಾಳಪ್ಪ ನೆಲ ನೋಡುತ್ತ, ಹಿಡಿದದ್ದು ಹೌದು ಎಂದ. ನೀನು ಆ ಮನೆಗೆ ಯಾಕೆ ಹೋಗಿದ್ದೆ ಎಂದು ಮ್ಯಾಜಿಸ್ಟ್ರೇಟ್ ಸಾಹೇಬರು ಕೇಳಿದರು. ಮಾಳಪ್ಪ ಬಾಯಿ ತೆರೆದ, ಕಟಕಟೆಯ ಕಡೆ ನೋಡಿದ, ಬಾಯಿ ಮುಚ್ಚಿದ. ಮೈಲಾರಪ್ಪ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ತಿಳಿಯಿತು ಎಂಬಂತೆ ತಲೆಯಾಡಿಸಿದ. ಸಾಹೇಬರು ಮಾಳಪ್ಪನನ್ನು ಹೊರಗೆ ಕಳಿಸಿದರು.

ಅವನು ಹೊರಗೆ ಹೋದ ಮೇಲೆ ಸಿಪಾಯಿ ಬಂದು ಹುಚ್ಚಪ್ಪನ ಕೋಟು ಬಿಚ್ಚಿಸಿದ. ಸೀಳಿನೊಳಗೆ ಕೈ ಹಾಕಿ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ. ಲೈಸೆನ್ಸು ಇದೆಯೆಂದು ಹುಚ್ಚಪ್ಪ ತೊದಲಿದ. ಇದ್ದರೂ ಪಿಸ್ತೂಲು ಇಲ್ಲಿಯೇ ಇರಲಿ, ಸುಳ್ಳು ಹೇಳಿದ್ದರ ವಿಚಾರ ಆಮೇಲೆ ಎಂದರು ಸಾಹೇಬರು. ಆರೋಪಿಯ ಮನೆಯವರ ಮೇಲೆ ಹಗೆ ಸಾಧಿಸುವವನ, ಪ್ರಮಾಣ ಮಾಡಿ ಸುಳ್ಳಾಡುವವನ ಮಾತಿನ ಮೇಲೆ ಯಾರನ್ನೂ ಜೇಲಿಗೆ ಹಾಕುವಂತಿಲ್ಲ. ಈ ತೀರ್ಪು ಮಧ್ಯಾಹ್ನವೇ ನಾಲ್ಕು ಸಾಲಿನಲ್ಲಿ ಮುಗಿಯಿತು, ಮೈಲಾರಪ್ಪನನ್ನು ಬಿಟ್ಟರು. ಉಡಚಪ್ಪ ಹುಚ್ಚಪ್ಪನ ಮುಂದೆಯೇ ಹಾದು ಹೋದ, ಬೈಯಲೂ ಇಲ್ಲ. ಬೈದಿದ್ದರೆ ಚಲೋ ಇತ್ತು ಎಂದು ಹುಚ್ಚಪ್ಪನಿಗೆ ಬಹಳ ದಿನ ಅನ್ನಿಸುತ್ತಿತ್ತು.

ರೋಣದಲ್ಲಿ ಬಸ್ಸು ನಿಲ್ಲುವ ಕಡೆ ಮಾಳಪ್ಪ ಒಬ್ಬನೇ ಕೂತಿದ್ದ. ಹುಚ್ಚಪ್ಪನನ್ನು ನೋಡಿ ಎದ್ದು ಬಂದ.

“ಅಂವ ಬಿಡುಗಡಿ ಆದ ಅಂದ್ರು, ಖರೇ ಏನ್ರಿ?”

ಹುಚ್ಚಪ್ಪ ತಲೆಯಾಡಿಸಿದ.

“ಅಂವ ಕೊಡ್ಲಿ ತೊಳದದ್ದ ನಾ ಕಣ್ಣಾರೆ ನೋಡೇನ್ರಿ ಅಣ್ಣಾರ. ನಾನೂ ನಿಮ್ಮ ಸಂಗಾಟ ಸಾಕ್ಷಿ ಹೇಳ್ತೇನಂತ ಕೇಳಾಕ ಬಂದಿದ್ದೆ. ಒಬ್ಬಾಂವ ಹೇಳಾಕ ಧೈರ್ಯ ಸಾಲಲಿಲ್ಲ. ನಾ ಯಾಕ ಬಂದಿದ್ದೆ ಅಂತ ಅವಗ ಇವತ್ತ ತಿಳೀತು.”

ಹುಚ್ಚಪ್ಪನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊಸ್ತಿಲಲ್ಲಿ ಮೂರು ಸಲ ನಿಂತಿದ್ದವನು ತನ್ನ ಜೊತೆಗಾರ. ಒಂದೇ ಒಂದು ಸಲ ಕೈ ನಿಲ್ಲಿಸಿ, ಏನಪ್ಪಾ ಎಂದು ಕೇಳಿದ್ದರೆ ಆಗುತ್ತಿತ್ತು.

“ನಾ ಮನಿಗೆ ಹ್ಯಾಂಗ ಹೋಗ್ಲಿರಿ?” ಅಂದ ಮಾಳಪ್ಪ. ಅವನ ಕಣ್ಣು ಹುಚ್ಚಪ್ಪನ ಎಡ ಬಗಲ ಮೇಲಿತ್ತು. “ನಿಮ್ಮ ಕಡೆ ಪಿಸ್ತೂಲ ಐತಿ. ನಾಕ ದಿನ ನಿಮ್ಮ ಮನ್ಯಾಗ ಇಟ್ಕೋರಿ.”

ಬಗಲಲ್ಲಿ ಮೇಕೆ ತೊಗಲು ಹಗುರಾಗಿ ಜೋತುಬಿದ್ದಿತ್ತು. ಹೇಳಿಬಿಡಬೇಕೆಂದು ಹುಚ್ಚಪ್ಪ ಬಾಯಿ ತೆರೆದ. ಮಾಳಪ್ಪನ ಮುಖ ನೋಡಿ ಆಗಲಿಲ್ಲ.

“ಐತಿ,” ಅಂದ. “ಬಾ, ಹೋಗೂಣು.”

ಗಜೇಂದ್ರಗಡದ ಬಸ್ಸು ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಮಾಳಪ್ಪ ಮೊದಲ ಸಲ ಉಸಿರು ಬಿಟ್ಟ. ಬಸ್ಸು ಇನ್ನೇನು ಹೊರಡಬೇಕು, ಮೈಲಾರಪ್ಪ ಹತ್ತಿದ. ಖಾಲಿ ಸೀಟು ಬೇಕಷ್ಟಿದ್ದರೂ ನೇರ ಬಂದು ಇವರ ಹಿಂದೆಯೇ ಕೂತ. ಮಾಳಪ್ಪ ಹುಚ್ಚಪ್ಪನಿಗೆ ಇನ್ನಷ್ಟು ಹತ್ತಿ, ಅವನ ಎಡಮಗ್ಗುಲಿಗೆ ಮೈ ಒತ್ತಿ ಕುಳಿತ. ಹುಚ್ಚಪ್ಪ ಎಡಗೈಯನ್ನು ಬಗಲಿಗೆ ಬಿಗಿಯಾಗಿ ಒತ್ತಿ ಹಿಡಿದ, ಒಳಗೆ ಏನೋ ಇರುವ ಹಾಗೆ. ಆ ಚೀಲ ಖಾಲಿ ಎಂಬುದು ಬಸ್ಸಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬ ಹುಚ್ಚಪ್ಪ. ಇನ್ನೊಬ್ಬ ಹಿಂದಿನ ಸೀಟಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದ.